ಎರಡನೇ ಬದಿಯ ಮೂರನೇ ಹಾಡು

ಸ್ಪೈಸ್ ಫೋರ್ಕ್, ಪೂರ್ವ ಕೆಂಟಕಿ
12 ಸೆಪ್ಟೆಂಬರ್ 1991

ಶ್ರೀ ಹಾಲಿಸ್ ಕಾಡಿಲ್ ಅವರಿಗೆ,

ರಾತ್ರಿ ಎರಡೂವರೆ. ಎಬ್ಬಿಸಿದ್ದು ಕೂಸಲ್ಲ, ನನ್ನ ಗಂಡ ಥರ್ಮನ್‌ನ ಕೆಮ್ಮು. ಕೂಸು ಎದ್ದದ್ದು ಆಮೇಲೆ, ಆ ಕೆಮ್ಮು ಕೇಳಿ. ಈಗ ಅವರಿಬ್ಬರೂ ಮತ್ತೆ ಮಲಗಿದ್ದಾರೆ. ನಾನು ಅಡುಗೆಮನೆಯಲ್ಲಿ ಕೂತು ನಿಮ್ಮ ಕಾಗದವನ್ನು ಇನ್ನೊಮ್ಮೆ ಓದುತ್ತಿದ್ದೇನೆ. ಹನ್ನೊಂದು ವರ್ಷಕ್ಕೆ ಒಂದು ಕಾಗದ! ಅಮ್ಮ ಸತ್ತಾಗ ಒಂದು ಹೂವಿನ ಬುಟ್ಟಿ ಬಂದಿತ್ತು. ಅದನ್ನು ಆರಿಸಿ ಕಳಿಸಿದ್ದು ನಿಮ್ಮ ಮ್ಯಾನೇಜರ್ ಎಂದು ಅದರ ಚೀಟಿಯೇ ಹೇಳುತ್ತಿತ್ತು. ನನ್ನ ಮದುವೆಗೆ ಅದೂ ಬರಲಿಲ್ಲ.

"ನಮ್ಮೂರಿನ ಬಗ್ಗೆ, ಈ ದೇಶದ ಬಗ್ಗೆ ಖಾರವಾದ ಒಂದು ಆಲ್ಬಂ ಮಾಡ್ತಿದ್ದೀನಿ ಮಗಳೇ, ಅಲ್ಲೀಗ ಹೇಗಿದೆ ಅಂತ ಬರಿ" ಎಂದಿದ್ದೀರಿ. ಕೂದಲೆಲ್ಲ ಬೆಳ್ಳಗಾದ ಮೇಲೆ ಊರು ನೆನಪಾಯಿತೆ? ನಿಮ್ಮ ಹಳೆಯ ಹಾಡುಗಳಲ್ಲಿ ಬೆಟ್ಟದ ತುದಿಯಲ್ಲಿ ಚಂದ್ರ ಕೂತಿರುತ್ತಾನಲ್ಲ, ಆ ಬೆಟ್ಟಕ್ಕೆ ಈಗ ತುದಿಯೇ ಇಲ್ಲ. ಕೊರೆದು, ಸಿಡಿಸಿ, ಟ್ರಕ್ಕಿನಲ್ಲಿ ತುಂಬಿ ಒಯ್ದರು. ಚಂದ್ರನಿಗೆ ಬೇರೆ ಕುರ್ಚಿ ಹುಡುಕಿಕೊಳ್ಳಿ.

ನಿಮಗೆ ಬೇಕಿರುವುದು ಇಂಥ ಸಾಲುಗಳು ಎಂದು ಗೊತ್ತು. ಸಾಲು ಕೊಡುವುದಿಲ್ಲ, ಸಂಗತಿ ಹೇಳುತ್ತೇನೆ.

ಕಲ್ಲಿದ್ದಲು ಗಣಿಯಲ್ಲಿ ಈಗ ಎರಡು ತಿಂಗಳಿಗೊಮ್ಮೆ ಕೆಲವರ ಸೊಂಟಕ್ಕೆ ಒಂದು ಸಣ್ಣ ಪಂಪು ಕಟ್ಟುತ್ತಾರೆ. ಪಾಳಿ ಮುಗಿಯುವವರೆಗೆ ಅವರು ಉಸಿರಾಡುವ ಗಾಳಿಯನ್ನೇ ಅದೂ ಎಳೆಯುತ್ತದೆ. ಗಾಳಿಯಲ್ಲಿರುವ ಧೂಳು ಒಂದು ಬಿಳಿ ಬಿಲ್ಲೆಯ ಮೇಲೆ ಕೂರುತ್ತದೆ, ಬಿಲ್ಲೆ ಸರ್ಕಾರಕ್ಕೆ ಹೋಗುತ್ತದೆ. ಧೂಳು ಹೆಚ್ಚಿದ್ದರೆ ಕತ್ತರಿಸುವ ಯಂತ್ರ ನಿಲ್ಲಿಸಬೇಕು. ಯಂತ್ರ ನಿಲ್ಲಬಾರದಲ್ಲ, ಅದಕ್ಕೆ ಮೇಸ್ತ್ರಿ ಗಾರ್ಲ್ಯಾಂಡ್ ಪಾಳಿ ಶುರುವಾಗುತ್ತಲೇ ಕೈ ಚಾಚುತ್ತಾನೆ: "ಬಿಚ್ಚಿ ಕೊಡ್ರೋ ಇಲ್ಲಿ. ಪಾಪ, ಅದಕ್ಯಾಕೆ ಧೂಳು ಕುಡಿಸ್ತೀರಾ? ಅದಾದ್ರೂ ಒಳ್ಳೇ ಗಾಳಿ ಕುಡೀಲಿ." ಎಲ್ಲರೂ ನಗುತ್ತಾರೆ. ಹೊರಗಿನ ಗಾಳಿ ಒಳಗೆ ಬರುವ ಬಾಯಿಯಲ್ಲಿ ಒಂದು ಮೊಳೆಯಿದೆ, ಪಂಪುಗಳೆಲ್ಲ ಅದಕ್ಕೆ ನೇತಾಡುತ್ತವೆ. ಸರ್ಕಾರದ ಕಡತದಲ್ಲಿ ನಮ್ಮ ಗಣಿಯ ಗಾಳಿ ಹೆರಿಗೆ ವಾರ್ಡಿನ ಗಾಳಿಗಿಂತ ಶುದ್ಧ.

ಇಲ್ಲಿ ಒಬ್ಬನಿದ್ದಾನೆ, ಮಜ್ಜಿಗೆ ಅಂತ ಕರೆಯುತ್ತಾರೆ. ಊಟದ ಡಬ್ಬಿಯಲ್ಲಿ ದಿನಾ ಒಂದು ಬಾಟಲಿ ಮಜ್ಜಿಗೆ ಒಯ್ದು, ಮುಸುಕಿನ ಜೋಳದ ರೊಟ್ಟಿ ಮುರಿದು ಹಾಕಿಕೊಂಡು ತಿನ್ನುತ್ತಾನೆ, ಅದಕ್ಕೆ ಆ ಹೆಸರು. ಅವನು ಒಂದು ದಿನ ಪಂಪನ್ನು ಯಾರೂ ನೋಡದಾಗ ಮೊಳೆಯಿಂದ ತೆಗೆದು, ಮುಚ್ಚಳ ಸಡಿಲಬಿಟ್ಟ ಡಬ್ಬಿಯಲ್ಲಿ ಬಚ್ಚಿಟ್ಟು, ಯಂತ್ರದ ಪಕ್ಕದಲ್ಲೇ ಇಡೀ ಪಾಳಿ ಇಟ್ಟುಕೊಂಡ. ಬಿಲ್ಲೆ ಸೀದ ಬಾಣಲೆಯ ತಳದ ಹಾಗಾಗಿತ್ತು. ಗುಟ್ಟಾಗಿ ಸರ್ಕಾರದ ಗಣಿ ಇನ್‌ಸ್ಪೆಕ್ಟರ್ ಕೈಗೆ ಕೊಟ್ಟ. ಆಮೇಲೂ ಕೊಡುತ್ತಿದ್ದಾನೆ. ಇದು ಗೊತ್ತಿರುವುದು ಇನ್‌ಸ್ಪೆಕ್ಟರಿಗೆ, ಮಜ್ಜಿಗೆಯ ಹೆಂಡತಿಗೆ, ನನಗೆ. ಹಿಂದೊಬ್ಬ ಹೀಗೆ ಬಾಯಿಬಿಟ್ಟಾಗ ಅವನನ್ನು ಗಣಿಯ ಸೂರು ಕುಸಿಯುವ ಹಾಗಿರುವ ಕಡೆ ಕೆಲಸಕ್ಕೆ ಹಾಕಿದರು. ಬಲಗಾಲು ಅಲ್ಲೇ ಉಳಿಯಿತು.

ಇದನ್ನು ಹಾಡಿಗೆಂದು ಹೇಳಿದ್ದಲ್ಲ. ನಿಮಗೆ ನಾಚಿಕೆಯಾಗಲಿ ಎಂದು ಹೇಳಿದ್ದು.

ಡ್ರೂಸಿಲ್ಲಾ ಸ್ಟಂಬೋ


ನ್ಯಾಶ್‌ವಿಲ್
4 ಅಕ್ಟೋಬರ್ 1991

ನನ್ನ ಮುದ್ದು ಡ್ರೂ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಎರಡನೇ ಸಲ ಗಿಟಾರ್ ತೊಡೆಯ ಮೇಲಿತ್ತು. ಏನು ನಾಲಿಗೆ ನಿಂದು! ನಮ್ಮವ್ವನ ನಾಲಿಗೆ ಹಾಗೇ ನಿನಗೆ ಇಳಿದಿದೆ. "ಚಂದ್ರನಿಗೆ ಬೇರೆ ಕುರ್ಚಿ" ಅನ್ನೋದನ್ನು ನಾನು ಆಗಲೇ ತಗೊಂಡುಬಿಟ್ಟೆ, ಬೈಯಬೇಡ. ನಿನ್ನ ಸಿಟ್ಟಿನ ಹಿಂದೆ ಪ್ರೀತಿ ಇದೆ ಅಂತ ಈ ಮುದಿ ಅಪ್ಪನಿಗೆ ಗೊತ್ತಾಗುತ್ತೆ.

ಇಲ್ಲಿ ನನ್ನ ಸುತ್ತ ಇರೋದು ಯಾರು ಗೊತ್ತಾ? ಟೋಪಿ ಹುಡುಗರು. ಹಸುವಿನ ಯಾವ ಕಡೆ ಕೂತು ಹಾಲು ಕರೀಬೇಕು ಅಂತ ಗೊತ್ತಿಲ್ಲ, ತಲೆ ಮೇಲೆ ಮಾತ್ರ ದನ ಕಾಯೋನ ಟೋಪಿ. ಹೋದ ಚಳಿಗಾಲದ ಕೊಲ್ಲಿ ಯುದ್ಧ ಮುಗಿದದ್ದೇ ತಡ, ಎಲ್ಲರೂ ಬಾವುಟ ಸುತ್ತಿಕೊಂಡು ಹಾಡಿದರು. ನಾನು ಒಬ್ಬನೇ, ಎಣ್ಣೆಗಾಗಿ ಹುಡುಗರನ್ನು ಮರಳುಗಾಡಿಗೆ ಅಟ್ಟಿದವರ ಮೇಲೆ ಹಾಡು ಕಟ್ಟಿದೆ. ಎರಡು ರೇಡಿಯೋದವರು ನನ್ನ ಹಳೆಯ ಹಾಡುಗಳನ್ನೂ ನಿಲ್ಲಿಸಿದರು. ನಿಲ್ಲಿಸಲಿ, ಆ ನಾಯಿಗಳಿಗೆ ನನ್ನ ದನಿ ಯಾಕೆ?

ಆದರೆ ಈ ಆಲ್ಬಮ್ಮಿಗೆ ಎದೆ ಇರಲಿಲ್ಲ. ಈಗ ಸಿಕ್ಕಿತು. ಮೊಳೆಗೆ ನೇತಾಡುವ ಪಂಪುಗಳು, ಡಬ್ಬಿಯೊಳಗಿನ ಆ ಬಿಲ್ಲೆ! ಹಿತ್ತಲಲ್ಲಿ ಕೂತು ನಮ್ಮವ್ವ ಬೀನ್ಸ್ ಬಿಡಿಸ್ತಾ ಕೊಲೆಯ ಹಾಡು ಹೇಳೋಳು, ನೆನಪಿದೆಯಾ? ಕೊಂದವನ ಹೆಸರು, ಸತ್ತವಳ ಹೆಸರು, ತೊರೆಯ ಹೆಸರು ಎಲ್ಲ ಹೇಳಿಯೇ ಹಾಡೋಳು. ಹೆಸರು ಬಿಟ್ಟು ಹಾಡಿದ್ರೆ "ಏ ಹಾಲಿಸ್, ಬೇಲಿ ಹಿಂದೆ ನಿಂತು ಪಿಸುಗುಟ್ಟೋ ಹೆಂಗಸಾಗ್ಬಿಟ್ಯಲ್ಲೋ" ಅಂತ ತಲೆಗೆ ಮೊಟಕೋಳು.

ಒಂದೇ ಒಂದು ಕೇಳ್ತೀನಿ. ಆ ಮಜ್ಜಿಗೆಯ ಹೆಂಡತಿ ಹೇಗಿದ್ದಾಳೆ? ಕೊನೆಯ ಚರಣದಲ್ಲಿ ಅವಳು ದೀಪ ಹಿಡಿದು ಬಾಗಿಲಲ್ಲಿ ನಿಂತಿರಬೇಕು ಅಂತ ನನ್ನಾಸೆ.

ಮೊಮ್ಮಗನಿಗೆ ನನ್ನದೊಂದು ಫೋಟೋ ಸಹಿ ಮಾಡಿ ಇಟ್ಟಿದ್ದೇನೆ. ತೊಟ್ಟಿಲ ಮೇಲೆ ತೂಗುಹಾಕು.

ನಿನ್ನ ಅಪ್ಪ


ಸ್ಪೈಸ್ ಫೋರ್ಕ್
21 ಅಕ್ಟೋಬರ್ 1991

ಶ್ರೀ ಕಾಡಿಲ್ ಅವರಿಗೆ,

ನಿಮ್ಮ ಮೊಮ್ಮಗ ಹುಡುಗಿ. ಹೆಸರು ನೆಲ್ಡಾ. ಫೋಟೋದಲ್ಲಿ ನಿಮ್ಮ ಹಲ್ಲು ಬಹಳ ಚೆನ್ನಾಗಿ ಬಂದಿದೆ, ಅದನ್ನು ನೋಡಿದ ಕೂಸು ಅರ್ಧ ಗಂಟೆ ಅತ್ತಿತು. ಈಗ ಅದು ಕಿಟಕಿಯ ಒಡೆದ ಗಾಜಿಗೆ ಅಡ್ಡವಾಗಿದೆ. ಗಾಳಿ ತಡೆಯುವ ಕೆಲಸಕ್ಕಾದರೂ ನೀವು ಬಂದಿರಲ್ಲ.

ಮಜ್ಜಿಗೆಯ ಹೆಂಡತಿ ದೀಪ ಹಿಡಿದು ಎಲ್ಲೂ ನಿಂತಿಲ್ಲ. ನಮ್ಮಲ್ಲಿ ಕರೆಂಟ್ ಬಂದು ಐವತ್ತು ವರ್ಷವಾಯಿತು. ಅವಳು ರಾತ್ರಿಯೆಲ್ಲ ಕೂಸನ್ನು ಹೆಗಲಿಗೆ ಹಾಕಿಕೊಂಡು ಒಲೆಯಿಂದ ಬಾಗಿಲಿಗೆ, ಬಾಗಿಲಿಂದ ಒಲೆಗೆ ನಡೆಯುತ್ತಾಳೆ. ಕಾಲೇಜಿನಲ್ಲಿ ನಾಲ್ಕು ವರ್ಷ ಇತಿಹಾಸ ಓದಿದವಳು. ಪಾಠ ಹೇಳಲು ಕೆಲಸ ಸಿಗದೆ ಈಗ ಗಂಡನ ಕರವಸ್ತ್ರದಲ್ಲಿ ಕಪ್ಪು ಎಷ್ಟಿದೆ ಎಂದು ಓದುತ್ತಾಳೆ.

ಯುದ್ಧದ ಬಗ್ಗೆ ನೀವು ಧೈರ್ಯವಾಗಿ ಹಾಡಿದಿರಂತೆ. ಇಲ್ಲಿ ಹುಡುಗರು ಕ್ಷೇಮವಾಗಿ ಮರಳಲೆಂದು ಮರಮರಕ್ಕೂ ಹಳದಿ ರಿಬ್ಬನ್ ಕಟ್ಟಿದ್ದರು, ಕಟ್ಟಿದವರ ಮಕ್ಕಳೇ ಅಲ್ಲಿಗೆ ಹೋಗಿದ್ದವರು. ಅವರೆದುರು ನಿಂತು ಹಾಡಿದ್ದರೆ ಅದು ಧೈರ್ಯ. ಹವಾನಿಯಂತ್ರಣದ ಕೋಣೆಯಲ್ಲಿ ಹಾಡಿದ್ದಕ್ಕೆ ಬೇರೆ ಹೆಸರಿದೆ.

ಮಜ್ಜಿಗೆಯ ಹಾಡು ಬೇಡ. ಬಿಲ್ಲೆ ಕೊಡುವವನು ಅವನೆಂದು ಇಲ್ಲಿ ಯಾರಿಗೂ ತಿಳಿಯಬಾರದು. ಇದರಲ್ಲಿ ಪ್ರೀತಿ ಹುಡುಕಬೇಡಿ.

ಡ್ರೂಸಿಲ್ಲಾ


ನ್ಯಾಶ್‌ವಿಲ್
18 ಫೆಬ್ರವರಿ 1992

ಮುದ್ದು ಡ್ರೂ,

ನಾಲ್ಕು ತಿಂಗಳಾಯ್ತು, ಬರೆಯಲಾಗಲಿಲ್ಲ. ಹಗಲು ರಾತ್ರಿ ಸ್ಟುಡಿಯೋ. ಇದರ ಜೊತೆ ಕ್ಯಾಸೆಟ್ ಇದೆ, ಅಂಗಡಿಗೆ ಬರುವ ಮೊದಲೇ ನಿನಗೆ. ಆಲ್ಬಮ್ಮಿನ ಹೆಸರು 'ಶುದ್ಧ ಗಾಳಿ'. ಒಬ್ಬ ಪತ್ರಿಕೆಯವನು ಕೇಳಿ "ಇಷ್ಟು ವರ್ಷ ಈ ಮನುಷ್ಯ ಎಲ್ಲಿದ್ದ?" ಅಂತ ಬರೆದಿದ್ದಾನೆ. ಆ ಮೂರ್ಖ ಹೊಗಳಿದ್ದೋ ಬೈದದ್ದೋ ಗೊತ್ತಾಗಲಿಲ್ಲ, ಕತ್ತರಿಸಿ ಇಟ್ಟುಕೊಂಡಿದ್ದೇನೆ. ಗಣಿ ಮಾಲೀಕರು, ಅವರ ಜೇಬಿನಲ್ಲಿ ಕೂತ ಸೆನೆಟರುಗಳು, ಯುದ್ಧದ ವ್ಯಾಪಾರಿಗಳು, ಯಾರನ್ನೂ ಬಿಟ್ಟಿಲ್ಲ.

ಎರಡನೇ ಬದಿಯ ಮೂರನೇ ಹಾಡು ನಿನ್ನದು. ಬೇಡ ಅಂದಿದ್ದೆ, ಗೊತ್ತು. ಆದರೆ ಬಂದ ಹಾಡನ್ನು ವಾಪಸ್ ಕಳಿಸೋಕೆ ನನಗೆ ಬರಲ್ಲ ಮಗಳೇ. ನೀನು ಹೆದರಬೇಡ, ಆ ಹುಡುಗನನ್ನು ಕಾಪಾಡಿದ್ದೀನಿ. ಅವನ ನಿಜವಾದ ಹೆಸರು ನಾನು ಕೇಳಲೂ ಇಲ್ಲ, ಹಾಕಲೂ ಇಲ್ಲ. ಊರಿನ ಹೆಸರೂ ಇಲ್ಲ. ಬರೀ ಮಜ್ಜಿಗೆ. ಅವ್ವನ ಮಾತೂ ಉಳೀತು, ಹುಡುಗನೂ ಉಳಿದ.

ದೀಪ ತೆಗೆದುಹಾಕಿದೆ. ಒಲೆಯಿಂದ ಬಾಗಿಲಿಗೆ, ಬಾಗಿಲಿಂದ ಒಲೆಗೆ ನಡೆಯೋ ಹೆಂಡತಿ ಇದ್ದಾಳೆ. ಅವಳನ್ನು ಹಾಡುವಾಗ ಎರಡು ಸಲ ಸಾಲು ತಪ್ಪಿ ಟೇಪ್ ನಿಲ್ಲಿಸಬೇಕಾಯ್ತು. ಯಾಕೋ ಗೊತ್ತಿಲ್ಲ.

ಆಲ್ಬಂ ಮಾರ್ಚ್ ಹತ್ತು, ಮಂಗಳವಾರ ಅಂಗಡಿಗೆ ಬರುತ್ತೆ. ಆದರೆ ನಮ್ಮೂರ ರೇಡಿಯೋದ ಪ್ರೆಂಟಿಸ್‌ಗೆ ಒಂದು ಪ್ರತಿ ಮೊದಲೇ ಕಳಿಸಿದ್ದೇನೆ. ಆರನೇ ತಾರೀಖು ಶುಕ್ರವಾರ ಬೆಳಗಿನ ಕಾರ್ಯಕ್ರಮದಲ್ಲಿ ಪೂರ್ತಿ ಹಾಕ್ತಾನೆ. ದೇಶ ಆಮೇಲೆ ಕೇಳಲಿ, ನಮ್ಮವರು ಮೊದಲು ಕೇಳಲಿ. ಗುರುವಾರದಿಂದ ನಾನು ಲೆಕ್ಸಿಂಗ್ಟನ್ ಪಟ್ಟಣದ ಹೋಟೆಲಿನಲ್ಲಿರ್ತೀನಿ (ವಿಳಾಸ, ಫೋನ್ ನಂಬರಿನ ಚೀಟಿ ಒಳಗಿದೆ), ಶನಿವಾರ ಅಲ್ಲಿ ಹಾಡ್ತೀನಿ. ಗಂಡನನ್ನೂ ನೆಲ್ಡಾಳನ್ನೂ ಕರಕೊಂಡು ಬಾ. ನಿನ್ನ ಥರ್ಮನ್‌ನ ಮುಖವನ್ನೇ ನಾನು ನೋಡಿಲ್ಲ.

ಅಪ್ಪ


ಸ್ಪೈಸ್ ಫೋರ್ಕ್
5 ಮಾರ್ಚ್ 1992, ಗುರುವಾರ ರಾತ್ರಿ

ಅಪ್ಪಾ,

ಹನ್ನೊಂದು ಗಂಟೆ. ಟೇಪ್ ಮುಗಿದು ಗುಂಡಿ ಟಕ್ಕೆಂದು ಮೇಲೆ ಹಾರಿದ ಸದ್ದಿಗೆ ಎಚ್ಚರವಾಯಿತು. ನಾದಿನಿಯ ಟ್ರಕ್ ಬರುವವರೆಗೆ ಇನ್ನೊಮ್ಮೆ ಹಾಕಿದ ನಿನ್ನ ಹಾಡು ಕೇಳುತ್ತಾ ಕೂಸು ಮಲಗಿಬಿಟ್ಟಿತ್ತು, ಜೊತೆಗೆ ನಾನೂ ತೂಕಡಿಸಿದ್ದೆ. ಎಷ್ಟೋ ವಾರದಿಂದ ಬಾರದ ನಿದ್ದೆ, ಅದೂ ಈ ರಾತ್ರಿ, ಅದೂ ನಿನ್ನ ದನಿಗೆ. ಥೂ.

ನಿನ್ನ ಕಾಗದ ಸಿಕ್ಕಿದ್ದು ಇವತ್ತು ಸಂಜೆ. ಲಕೋಟೆ ಮೇಲೆ ಅಮ್ಮನ ಮನೆಯ ವಿಳಾಸ ಬರೆದಿದ್ದೀಯ. ಅಮ್ಮ ಹೋಗಿ ಆರು ವರ್ಷ, ಆ ಮನೆ ಬಿದ್ದು ಮೂರು ವರ್ಷ. ನನ್ನ ಎರಡು ಕಾಗದಗಳ ಮೇಲೂ ನನ್ನ ವಿಳಾಸವಿತ್ತು, ಅಕ್ಟೋಬರಿನಲ್ಲಿ ಅದಕ್ಕೇ ಬರೆದಿದ್ದೆ. ಈ ಸಲ ಕೈ ಹಳೆಯ ದಾರಿ ಹಿಡಿಯಿತೇನೋ. ಅಂಚೆಯವಳು ಹದಿನೈದು ದಿನ ತನ್ನ ಜೀಪಿನಲ್ಲೇ ಸುತ್ತಾಡಿಸಿ, ಇವತ್ತು "ಇದು ನಿಮ್ದೇ ಇರ್ಬೇಕು ಕಣೇ" ಅಂತ ಕೊಟ್ಟು ಹೋದಳು.

ಮಜ್ಜಿಗೆ ಅಂದರೆ ಥರ್ಮನ್. ನಿನ್ನ ಅಳಿಯ. ಅವನ ಹೆಂಡತಿಗೂ ಗೊತ್ತು, ನನಗೂ ಗೊತ್ತು ಅಂತ ಇಬ್ಬರನ್ನು ಎಣಿಸಿದ್ದೆನಲ್ಲ, ಇಬ್ಬರಲ್ಲ, ಒಬ್ಬಳೇ.

ಕಾಪಾಡಿದ್ದೀನಿ ಅಂತ ಬರೆದಿದ್ದೀಯ! ಎರಡು ವರ್ಷ ನೀನೂ ಅದೇ ಬಿಲದೊಳಗೆ ಇಳಿದಿದ್ದೆ. ಅಲ್ಲಿ ಯಾರಾದರೂ ನಿನ್ನನ್ನು ಒಂದು ದಿನವಾದರೂ ಹಾಲಿಸ್ ಅಂದರಾ? ಗುಬ್ಬಚ್ಚಿ ಅಂದರು. ಇಲ್ಲಿನ ಮುದುಕರಿಗೆ ನೀನು ಈಗಲೂ ಗುಬ್ಬಚ್ಚಿಯೇ. ಸಂಬಳದ ದಿನ ಗುಮಾಸ್ತ "ಥರ್ಮನ್ ಸ್ಟಂಬೋ" ಅಂತ ಕೂಗಿದರೆ ಅವನ ಜೊತೆಯವರೇ "ಅದ್ಯಾರಲೇ ಹೊಸಬ?" ಅಂತ ಕೇಳುತ್ತಾರೆ. ಅವನ ಹೆಲ್ಮೆಟ್ಟಿನ ಮೇಲೆ ಇರುವುದೂ ಆ ಹೆಸರೇ. ಕೆಂಟಕಿಯಲ್ಲಿ ಎಷ್ಟೋ ಜನ ಥರ್ಮನ್ ಇದ್ದಾರೆ ಅಪ್ಪಾ, ಈ ಕಣಿವೆಯಲ್ಲಿ ಮಜ್ಜಿಗೆ ಒಬ್ಬನೇ. ನೀನು ಥರ್ಮನ್ ಸ್ಟಂಬೋ ಅಂತ ಪೂರ್ತಿ ಹೆಸರಿಟ್ಟು ಹಾಡಿದ್ದರೂ ಇದಕ್ಕಿಂತ ಕ್ಷೇಮವಾಗಿರುತ್ತಿತ್ತು. ಇಷ್ಟೂ ಮರೆತವನು ಊರಿನ ಮೇಲೆ ಆಲ್ಬಂ ಮಾಡಿದ್ದೀಯ.

*ಡಬ್ಬಿಯೊಳಗೆ ರೊಟ್ಟಿಯಿಲ್ಲ, ಕರಿಯ ಬಿಲ್ಲೆ ಒಂದಿದೆ,*
*ಮಜ್ಜಿಗೆ, ಓ ಮಜ್ಜಿಗೆ, ಹೇಳು, ಯಾರ ಉಸಿರು ನಿಂತಿದೆ?*

ಹಾಡು ಚೆನ್ನಾಗಿದೆ. ಕೆಟ್ಟದಾಗಿದ್ದರೆ ಯಾರೂ ಎರಡನೇ ಸಲ ಕೇಳುತ್ತಿರಲಿಲ್ಲ. ಇದನ್ನು ನಾಳೆ ಮಧ್ಯಾಹ್ನದೊಳಗೆ ಊರೆಲ್ಲ ಶಿಳ್ಳೆ ಹಾಕುತ್ತದೆ.

ಥರ್ಮನ್ ಈಗ ರಾತ್ರಿ ಪಾಳಿಯಲ್ಲಿದ್ದಾನೆ, ನೆಲದ ಕೆಳಗೆ. ಗಣಿಗೆ ಇರುವುದು ಒಂದೇ ಫೋನ್, ಅದು ಗಾರ್ಲ್ಯಾಂಡನ ಮೇಜಿನ ಮೇಲೆ. ಬೆಳಗ್ಗೆ ಏಳಕ್ಕೆ ಪಾಳಿ ಮುಗಿಸಿ ಎಲ್ಲರೂ ಸ್ನಾನದ ಮನೆಗೆ ಬರುತ್ತಾರೆ. ಸರಪಳಿ ಎಳೆದು, ಮೇಲೆ ನೇತಾಡುವ ಬಟ್ಟೆಬುಟ್ಟಿ ಇಳಿಸಿಕೊಂಡು, ಒಬ್ಬರ ಬೆನ್ನು ಇನ್ನೊಬ್ಬರು ಉಜ್ಜುತ್ತಾರೆ. ಗೋಡೆಯ ಮೇಲೆ ರೇಡಿಯೋ ಇದೆ. ಪ್ರೆಂಟಿಸ್‌ನ ಕಾರ್ಯಕ್ರಮ ಶುರುವಾಗುವುದು ಆರೂವರೆಗೆ. ಎರಡನೇ ಬದಿಯ ಮೂರನೇ ಹಾಡು ಬರುವ ಹೊತ್ತಿಗೆ ಥರ್ಮನ್ ಮೈತುಂಬ ಸೋಪು ಹಚ್ಚಿಕೊಂಡು ಅವರೆಲ್ಲರ ನಡುವೆ ಬರಿಮೈಯಲ್ಲಿ ನಿಂತಿರುತ್ತಾನೆ. ಅವನ ಬೆನ್ನು ಉಜ್ಜುತ್ತಿರುವವನ ಕೈ ನಿಲ್ಲುತ್ತದೆ. ನನಗೆ ಅದೊಂದೇ ಕಾಣುತ್ತಿದೆ, ಆ ಕೈ.

ನಾನು ಸುಮ್ಮನೆ ಕೂತಿಲ್ಲ. ಪ್ರೆಂಟಿಸ್‌ಗೆ ಫೋನ್ ಮಾಡಿದೆ.

"ಅಲ್ಲಾ ಡ್ರೂ, ವಾರದಿಂದ ಬಾಯಿ ಬಡ್ಕೊಂಡಿದ್ದೀನಿ, ನಮ್ಮ ಗುಬ್ಬಚ್ಚಿ ಹಾಡು ನಮಗೇ ಮೊದ್ಲು ಅಂತ. ಈಗ ನಿಲ್ಸು ಅಂತೀಯಲ್ಲ?"

"ಪೂರ್ತಿ ಬೇಡ ಪ್ರೆಂಟಿಸಣ್ಣ, ಒಂದು ಹಾಡು ಬಿಟ್ಬಿಡಿ."

"ಯಾವ್ದು?"

ಹೇಗೆ ಹೇಳಲಿ? ಯಾವುದು ಅಂದರೆ ಯಾಕೆ ಅಂತಲೂ ಹೇಳಿದ ಹಾಗೆಯೇ. ಗಾರ್ಲ್ಯಾಂಡ್ ಅವನ ಭಾವಮೈದುನ.

"ನೋಡಮ್ಮಾ," ಅಂದ, "ಅಂಗಡೀಲಿ ನಿಮ್ಮಪ್ಪನ ಹಾಡು ಬಂದ್ರೆ ಕೈಲಿದ್ದ ಸಾಮಾನು ಕೆಳಗಿಟ್ಟು ರೇಡಿಯೋ ಆರಿಸಿದೋಳು ನೀನು. ಊರೆಲ್ಲ ನೋಡಿದೆ. ನಿನ್ನ ಮಾತು ಕೇಳಿ ನಿಲ್ಸಿದ್ರೆ ನನ್ನ ಮುಖಕ್ಕೆ ಉಗೀತಾರೆ. ಗುಬ್ಬಚ್ಚಿ ಬಾಯಲ್ಲಿ ಬರ್ಲಿ, ಮರುಮಾತಿಲ್ದೆ ನಿಲ್ಲಿಸ್ತೀನಿ. ಇಲ್ದಿದ್ರೆ ನನ್ನ ಪಾಡಿಗೆ ನನ್ನ ಬಿಡು."

ನಿನ್ನ ಮೇಲಿನ ನನ್ನ ತಾತ್ಸಾರ ಇಷ್ಟು ದಿನ ನನ್ನೊಬ್ಬಳದೇ ಆಸ್ತಿ ಅಂದುಕೊಂಡಿದ್ದೆ. ನೋಡು, ಅದೂ ಊರ ಬಾಯಲ್ಲಿ.

ಆಮೇಲೆ ನಿನ್ನ ಹೋಟೆಲಿಗೆ ಮಾಡಿದೆ. "ಮಿಸ್ಟರ್ ಕಾಡಿಲ್ ಗಂಟಲಿಗೆ ವಿಶ್ರಾಂತಿ ಕೊಡ್ತಿದ್ದಾರೆ, ಯಾರ ಫೋನೂ ಕೊಡಬೇಡಿ ಅಂದಿದ್ದಾರೆ." ನಾನು ಅವರ ಮಗಳು ಅಂದೆ. ಆ ಹುಡುಗಿ ಕಿಸಕ್ಕನೆ ನಕ್ಕಳು: "ಇವತ್ತು ಮೂರನೇ ಮಗಳು ಮೇಡಂ ನೀವು."

ಅದಕ್ಕೇ ಈ ಕಾಗದ. ನನ್ನ ನಾದಿನಿ ಮೊಝೆಲ್ ಟ್ರಕ್ ಚಾಲೂ ಮಾಡಿಕೊಂಡು ಹೊರಗೆ ಕಾಯುತ್ತಿದ್ದಾಳೆ. "ಬೇಗ ಬರೀರಿ ಅತ್ತಿಗೆ, ನಿಮ್ಮಪ್ಪ ಬಾಗ್ಲು ತೆಗೀದಿದ್ರೆ ಒದ್ದು ತೆಗಿಸ್ತೀನಿ" ಅಂತಾಳೆ. ಒದೆಯುವವಳೇ. ರಸ್ತೆ ಚೆನ್ನಾಗಿದ್ದರೆ ಮೂರು ಗಂಟೆಯೊಳಗೆ ನಿನ್ನ ಬಾಗಿಲಲ್ಲಿರುತ್ತಾಳೆ.

ಸೋಮವಾರ ಬೆಳಗ್ಗೆ ವಾಷಿಂಗ್ಟನ್ನಿನವರು ಹೇಳದೆ ಕೇಳದೆ ಗಣಿಗೆ ಬಂದು ಆ ಪಂಪುಗಳನ್ನೂ ಬಿಲ್ಲೆಗಳನ್ನೂ ಹಿಡಿಯುತ್ತಾರೆ. ಇನ್‌ಸ್ಪೆಕ್ಟರ್ ಥರ್ಮನ್‌ಗೆ ಮಾತು ಕೊಟ್ಟಿದ್ದಾನೆ. ಅವತ್ತೇ ಥರ್ಮನ್ ಕೆಲಸ ಬಿಡುತ್ತಾನೆ, ಮಂಗಳವಾರದ ಹೊತ್ತಿಗೆ ನಾವು ಓಹಾಯೋದಲ್ಲಿ ಅವನ ಚಿಕ್ಕಮ್ಮನ ಮನೆಯಲ್ಲಿರುತ್ತೇವೆ. ಆಮೇಲೆ ನಿನ್ನ ಹಾಡನ್ನು ದೇಶವೆಲ್ಲ ಕೇಳಲಿ, ನಾನೂ ದುಡ್ಡು ಕೊಟ್ಟು ತಗೊಂಡು ಕೇಳುತ್ತೇನೆ. ಆದರೆ ನಾಳೆ ಬೆಳಗ್ಗೆ ಗೊತ್ತಾದರೆ ಗಾರ್ಲ್ಯಾಂಡ್ ಸಂಜೆಯೊಳಗೆ ಪಂಪುಗಳನ್ನೆಲ್ಲ ಕೆಸರು ಹೊಂಡಕ್ಕೆ ಎಸೆಯುತ್ತಾನೆ. ನಾಳೆ ರಾತ್ರಿ ಪಾಳಿಗೆ ಥರ್ಮನ್‌ನನ್ನು ಯಾವ ಸೂರಿನ ಕೆಳಗೆ ನಿಲ್ಲಿಸುತ್ತಾನೆ ಅಂತ ನಿನಗೆ ನಾನು ಹೇಳಬೇಕಾಗಿಲ್ಲ. ಹೋಗಬೇಡ ಅಂದರೆ ಅವನು ಕೇಳುವವನಲ್ಲ. ಹೋಗದಿದ್ದರೆ ತಾನೇ ಅಂತ ಒಪ್ಪಿಕೊಂಡ ಹಾಗೆ ಅಂತಾನೆ.

ನಾನು ನಿನಗೆ ಬರೆದದ್ದು ಅವನಿಗೆ ಗೊತ್ತಿಲ್ಲ. "ನಿಮ್ಮಪ್ಪ ಒಂದು ಸಲ ಬಂದಿದ್ರೆ ಚೆನ್ನಾಗಿತ್ತು, ಮಜ್ಜಿಗೆ ಕುಡಿಸಿ ಕಳಿಸ್ತಿದ್ದೆ" ಅಂತ ಹೋದ ವಾರವೂ ಅಂದ. ಅವನಿಗೆ ನಿನ್ನ ಹಾಡೆಂದರೆ ಇಷ್ಟ. ನಾನಿಲ್ಲದಾಗ ಹಾಕಿಕೊಳ್ಳುತ್ತಾನೆ, ಗೊತ್ತಿಲ್ಲದವಳ ಹಾಗೆ ಇರುತ್ತೇನೆ.

ಹಾಡು ಕಟ್ಟು ಅಂತ ನಿನ್ನನ್ನು ಯಾರೂ ಕೇಳಿರಲಿಲ್ಲ, ಕಟ್ಟಿದೆ. ಈಗ ಕೇಳುತ್ತಿದ್ದೇನೆ, ಒಂದು ಫೋನ್ ಮಾಡು. ಪ್ರೆಂಟಿಸ್‌ನ ಮನೆಯ ನಂಬರೂ ನಮ್ಮದೂ ಲಕೋಟೆಯ ಹಿಂದಿವೆ. ಐದಕ್ಕೆಲ್ಲ ಏಳುತ್ತಾನೆ, ಆರಕ್ಕೆ ಮನೆ ಬಿಡುತ್ತಾನೆ. ಇಡೀ ಆಲ್ಬಂ ಬೇಡ ಅನ್ನು, ಒಂದು ಹಾಡಿನ ಮಾತೇ ಎತ್ತಬೇಡ. ಯಾಕೆ ಅಂದರೆ ಯಾವುದಾದರೂ ಸುಳ್ಳು ಹೇಳು. ಕಂಪನಿಯವರು ಒಪ್ಪಲಿಲ್ಲ ಅನ್ನು, ಬಾಸ್ ಗಿಟಾರ್ ಸರಿಯಾಗಿ ಕೂತಿಲ್ಲ ಅನ್ನು. ಸುಳ್ಳನ್ನು ಚೆಂದ ಮಾಡಿ ಹೇಳುವುದರಲ್ಲೇ ನಿನ್ನ ಮನೆ ನಡೆದಿದೆ, ಇವತ್ತೊಂದು ದಿನ ನಮ್ಮ ಮನೆಗಾಗಿ ಹೇಳು.

ಗಂಟಲಿನ ವಿಶ್ರಾಂತಿ ಆಮೇಲೆ ಕೊಡು. ಮೊಝೆಲ್ ಹಾರ್ನ್ ಹಾಕುತ್ತಿದ್ದಾಳೆ.

ಅವನಿಗೆ ಮಾಡಿದ ಮೇಲೆ ನನಗೂ ಒಂದು ಸಲ ಮಾಡು. ಮಾಡಿದೆ ಅಂತ ಒಂದು ಮಾತು ಹೇಳಿ ಇಟ್ಟುಬಿಡು, ನಾನು ಬೇರೇನೂ ಕೇಳುವುದಿಲ್ಲ, ಬೈಯುವುದೂ ಇಲ್ಲ. ಗಂಟೆಯ ಸದ್ದಿಗೆ ಕೂಸು ಎದ್ದರೆ ಏಳಲಿ. ಫೋನಿನ ಪಕ್ಕ ನೆಲದ ಮೇಲೆ ಕೂತಿರುತ್ತೇನೆ. ಬೆಳಗಾಗುವ ಮೊದಲು ಮಾಡಪ್ಪಾ, ನಿನ್ನ ದಮ್ಮಯ್ಯ, ಬೆಳಗಾಗುವ ಮೊದಲು ಮಾಡು.

ಡ್ರೂ